ದೀಪ ಹಚ್ಚುವ ಹೊತ್ತಿನ ಫೋನು

ರಿಸೀವರನ್ನು ಕಿವಿಗಿಟ್ಟುಕೊಂಡು ನಂಜುಂಡೇಶ ಸುಮ್ಮನೆ ನಿಂತಿದ್ದ. ಒಳಗೆ ಏನೂ ಇರಲಿಲ್ಲ. ಕೆಟ್ಟ ಫೋನಿನಲ್ಲೂ ಏನಾದರೊಂದು ಇರುತ್ತದೆ. ಕರಕರ ಸದ್ದೋ, ಗಾಳಿ ಬೀಸಿದಂಥ ಗದ್ದಲವೋ, ಎಲ್ಲಿಯವರದೋ ಮಾತಿನ ತುಣುಕೋ. ಇದರಲ್ಲಿ ಅದೂ ಇಲ್ಲ. ಗುಂಡಿಯನ್ನು ಒತ್ತಿ ಬಿಟ್ಟ, ಮತ್ತೆ ಒತ್ತಿ ಬಿಟ್ಟ. ಇಲ್ಲ. ಸದ್ಯ ಎನ್ನಿಸಿತು. ಫೋನು ರಿಪೇರಿ ಮಾಡುವುದಕ್ಕೆಂದೇ ನಂಜನಗೂಡಿನಿಂದ ನರಸೀಪುರದವರೆಗೆ ಬಸ್ಸಿನಲ್ಲಿ ಬಂದವನಿಗೆ, ಅದರಲ್ಲಿ ಉಸಿರೇ ಇಲ್ಲ ಎಂದು ಗೊತ್ತಾದಾಗ ಸದ್ಯ ಎನ್ನಿಸಿದ್ದು ಯಾಕೆ? ಅಂಗಿಯ ಜೇಬಿನಲ್ಲಿ ಮೊಬೈಲು ತಣ್ಣಗೆ ಎದೆಗೆ ತಾಗುತ್ತಿತ್ತು. ಅದನ್ನು ಅವನೇ ಬಸ್ಸಿನಲ್ಲಿ ಆಫ್ ಮಾಡಿದ್ದ. ಚಾರ್ಜು ಕಡಿಮೆ ಇದೆ ಎಂದು ತನಗೆ ತಾನೇ ಹೇಳಿಕೊಂಡು, ಚಾರ್ಜು ಎಷ್ಟಿದೆ ಎಂದು ನೋಡದೆ ಗುಂಡಿ ಅದುಮಿದ್ದ.

"ಏನಂತದೆ ಮಗ?" ಅತ್ತೆ ಕೇಳಿದಳು.

"ಡೆಡ್ ಆಗಿದೆ ಅತ್ತೆ."

"ಅಂಗನ್ನಬ್ಯಾಡ ಕಣೋ. ಚಪ್ಪರದ ಮನೇಲಿ ಅಂಥ ಮಾತಾಡ್ತಾರಾ? ಕೆಟ್ಟದೆ ಅನ್ನು."

"ಕೆಟ್ಟಿದೆ," ಎಂದ.

ಚಿನ್ನಮ್ಮ ಅವನ ಅಪ್ಪನ ಅಕ್ಕ. ನಡುಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ, ಮೊರದ ತುಂಬ ಅಕ್ಕಿ ಇಟ್ಟುಕೊಂಡು ನುಚ್ಚು ಆರಿಸುತ್ತಿದ್ದಳು. ಮೊಮ್ಮಗಳು ದಿವ್ಯಳ ಮದುವೆ ನಾಡಿದ್ದು. ಅಕ್ಷತೆಯಲ್ಲಿ ಮುರಿದ ಕಾಳು ಒಂದೂ ಇರಬಾರದು. ಗಂಡ ಹೋದವಳು ಆ ಅಕ್ಕಿಯನ್ನು ಮುಟ್ಟುವುದು ಸರಿಯಲ್ಲ ಎಂದು ಯಾರೋ ನೆಂಟರು ಮೂಗು ಮುರಿದಿದ್ದಕ್ಕೆ, ಅಜ್ಜಿ ಆರಿಸಿದ ಅಕ್ಕಿ ಬೀಳದಿದ್ದರೆ ತಾಳಿಯನ್ನೇ ಕಟ್ಟಿಸಿಕೊಳ್ಳುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಳಂತೆ. ಬೆಳಗ್ಗೆ ಅರಿಶಿಣವನ್ನೂ ಅಜ್ಜಿಯ ಕೈಯಿಂದಲೇ ಮೊದಲು ಹಚ್ಚಿಸಿಕೊಂಡಿದ್ದಳಂತೆ. ಆ ಹೆಮ್ಮೆಯಲ್ಲಿ ಅತ್ತೆ ಕೈಯನ್ನೂ ಸರಿಯಾಗಿ ತೊಳೆದುಕೊಂಡಿರಲಿಲ್ಲ, ಬೆರಳೆಲ್ಲ ಇನ್ನೂ ಹಳದಿ. ಮಗ ಶಿವು ಹೆಂಡತಿಯ ಜೊತೆ ಛತ್ರದ ಕಡೆ ಹೋಗಿದ್ದ. ಮದುಮಗಳು ಗೆಳತಿಯರನ್ನು ಕಟ್ಟಿಕೊಂಡು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಆಗಾಗ ನಗು ಮಾತ್ರ ಕೇಳಿಸುತ್ತಿತ್ತು. ಮನೆಗೆ ಹೊಸದಾಗಿ ಬಿಳಿ ಸುಣ್ಣ ಹೊಡೆದಿದ್ದರು, ಬಾಗಿಲಿಗೆ ಮಾವಿನ ಸೊಪ್ಪು. ಇಂಥ ಮನೆಗೆ ತಾನು ಏನನ್ನು ಹೊತ್ತುಕೊಂಡು ಬಂದಿದ್ದೇನೆ ಎಂದು ನಂಜುಂಡೇಶನಿಗೆ ಅಂಜಿಕೆಯಾಯಿತು.

ಅವನು ನಂಜನಗೂಡಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ಫ್ಯಾನು ನಿಂತರೆ, ಬೆಲ್ಲು ಕೂಗದಿದ್ದರೆ, ಪ್ರಿನ್ಸಿಪಾಲರ ಮನೆಯ ಮಿಕ್ಸಿ ಕೆಟ್ಟರೆ ಅವನನ್ನೇ ಕರೆಯುತ್ತಾರೆ. ರಿಪೇರಿ ನಂಜುಂಡೇಶ ಎಂದು ಹಿಂದಿನಿಂದ ಅನ್ನುತ್ತಿದ್ದವರು ಈಚೆಗೆ ಎದುರಿಗೇ ಅನ್ನುತ್ತಾರೆ. ಅವನಿಗೇನೂ ಬೇಜಾರಿಲ್ಲ. ಕೆಟ್ಟ ವಸ್ತುವಿನ ಮುಂದೆ ಕೂತಾಗ ಅವನಿಗೊಂದು ನೆಮ್ಮದಿ. ವಸ್ತು ನೋಯುವುದಿಲ್ಲ, ಕಣ್ಣು ಬಿಟ್ಟು ನೋಡುವುದಿಲ್ಲ. ಇವತ್ತು ಬೆಳಗ್ಗೆ ಹಾಗೆ ನೋಡಿದ್ದು ಅಪ್ಪ. ಅಪ್ಪ ಅನ್ನ ಬಿಟ್ಟು ಕೆಲವು ದಿನವಾಗಿತ್ತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ್ದರು. ಆ 'ಇಟ್ಟುಕೊಳ್ಳಿ'ಯ ಅರ್ಥ ಎಲ್ಲರಿಗೂ ಗೊತ್ತಿತ್ತು. ಪುರಸಭೆಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸ ಮಾಡಿ ರಿಟೈರಾದ ಅಪ್ಪ ರಂಗಸ್ವಾಮಿಯವರ ಬಾಯಿಗೆ ಈಗ ನಂಜುಂಡೇಶನ ಹೆಂಡತಿ ಆಶಾರಾಣಿ ಚಮಚದಲ್ಲಿ ನೀರು ಬಿಡುತ್ತಿದ್ದಳು. "ನೀವೊಂದು ಸಲ ಬಿಡ್ರಿ, ನಿಮ್ಮ ಕಡೆನೇ ನೋಡ್ತಾವ್ರೆ," ಎಂದು ಅವಳು ಚಮಚ ಚಾಚಿದಾಗಲೇ ಅವನ ಮೊಬೈಲು ಹೊಡೆದುಕೊಂಡದ್ದು. ಅತ್ತೆಯ ಪಕ್ಕದ ಮನೆಯ ಸಾಕಮ್ಮನ ನಂಬರು. ಅತ್ತೆಯ ದನಿ: "ಫೋನು ಕೆಟ್ಟೋಗದೆ ಕಣೋ ನಂಜುಂಡ. ಇವತ್ತೇ ಬಂದು ನೋಡು ಮಗ, ನಂಗೆ ಕೈಕಾಲೇ ಆಡ್ತಾ ಇಲ್ಲ." ಅವನು ಕೂಡಲೇ ಬ್ಯಾಗು ಹುಡುಕತೊಡಗಿದ್ದ. ಟೆಸ್ಟರು, ಕಟಿಂಗ್ ಪ್ಲೇಯರು, ಟೇಪು, ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೇ ಫೋನು. ಆಶಾರಾಣಿ ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡು, "ಇವತ್ತಾ?" ಎಂದಳು. ಅಷ್ಟೇ. ಅವಳು ಇನ್ನೊಂದು ಮಾತು ಅಂದಿದ್ದರೆ ಅವನು ಜಗಳ ಆಡಿಕೊಂಡಾದರೂ ಹೊರಡಬಹುದಿತ್ತು. ಬೇಗ ಬಂದುಬಿಡುತ್ತೇನೆ ಎಂದು ಅಪ್ಪನಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿ, ಅಪ್ಪನ ಮುಖ ನೋಡದೆ ಮೆಟ್ಟಿಲಿಳಿದಿದ್ದ.

ಗೋಡೆಗೆ ಹೊಡೆದಿದ್ದ ಸಣ್ಣ ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗೆ ಹಲ್ಲಿಯ ಮೊಟ್ಟೆಯ ಸಿಪ್ಪೆ, ಒಣಗಿದ ಸುಣ್ಣ. ಸ್ಕ್ರೂ ಬಿಗಿಯಾಗಿಯೇ ಇತ್ತು. ತಾನು ತಂದ ಫೋನನ್ನು ಸಿಕ್ಕಿಸಿ ನೋಡಿದ; ಅದರಲ್ಲೂ ಅದೇ ಮೌನ. ಹಾಗಾದರೆ ಫೋನಿನದು ತಪ್ಪಲ್ಲ, ಲೈನಿನದು. ಚಪ್ಪರದವರು ಕೋಲು ನೆಡುವಾಗ ವೈರು ಎಳೆದಿರಬೇಕು ಎಂದ. ಅತ್ತೆ ಮೊರದಿಂದ ಕಣ್ಣೆತ್ತದೆ, "ಅವ್ರು ಮುಟ್ಟಿಲ್ಲ ಬುಡು. ನೀನು ಅವಸರ ಮಾಡ್ಬ್ಯಾಡ. ನಿಧಾನಕ್ಕೆ ನೋಡು, ಉಂಡ್ಕಂಡು ನೋಡು," ಎಂದಳು. ಕೈಕಾಲು ಆಡುತ್ತಿಲ್ಲ ಎಂದು ಬೆಳಗ್ಗೆ ಗೋಳಾಡಿದವಳು ಇವಳೇನಾ ಎಂದು ಅವನಿಗೆ ಆಶ್ಚರ್ಯವಾಯಿತು. ಆದರೂ ಆ ಮಾತು ಹಿತವಾಗಿತ್ತು. ನಿಧಾನ ಮಾಡಲು ಯಾರಾದರೂ ಒಬ್ಬರು ಹೇಳಲಿ ಎಂದು ಅವನೂ ಕಾದಿದ್ದ.

ಅಷ್ಟರಲ್ಲಿ ಸಾಕಮ್ಮ ಬಾಳೆಲೆಯ ಕಟ್ಟು ಹೊತ್ತು ಒಳಗೆ ಬಂದಳು. ಅವನನ್ನು ನೋಡಿದ್ದೇ, "ಓ, ಬಂದ್ರಾ? ನಿಮ್ಮಪ್ಪಾರು ಎಂಗವ್ರೆ ಸಾ? ಬಾಳ ಕಷ್ಟ ಅಂತ..." ಎಂದು ಶುರು ಮಾಡಿದಳು.

"ಚೆನ್ನಾಗವ್ನೆ," ಎಂದು ಅತ್ತೆ ಮಾತಿನ ನಡುವೆಯೇ ಬಾಯಿ ಹಾಕಿದಳು. "ಚೆನ್ನಾಗವ್ನೆ ಕಣ್ ಸಾಕಿ. ಎಲೆ ಅಲ್ಲಿಟ್ಟೋಗು."

ಸಾಕಮ್ಮನ ಮುಖ ಸಣ್ಣದಾಯಿತು. ಅವಳು ಚಪ್ಪರ ದಾಟಿ ಹೋಗುವವರೆಗೆ ಅತ್ತೆ ಒಂದು ಕಾಳನ್ನೂ ಆರಿಸಲಿಲ್ಲ. ನಂಜುಂಡೇಶನಿಗೆ ಆಗ ನೆನಪಾಯಿತು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತಲೆಗೆ ನೀರು, ಸೂತಕ, ಎಲ್ಲ. ಬೀಳುವವರೆಗೆ ಏನೂ ಇಲ್ಲ. ಒಲೆ ಉರಿಯಬಹುದು, ತಾಳಿ ಕಟ್ಟಬಹುದು. ಅವರ ನೆಂಟರಲ್ಲೇ ಒಬ್ಬರ ನಿಶ್ಚಿತಾರ್ಥದ ದಿನ ಊರಿನಿಂದ ಸುದ್ದಿ ತಂದ ಆಳನ್ನು ಹಿತ್ತಲ ಬಾಗಿಲಲ್ಲೇ ತಡೆದು, ಊಟ ಹಾಕಿ, ಬಾಯಿ ಬಿಡಬೇಡ ಎಂದು ಕೂರಿಸಿದ್ದರು. ಅವನು ಹೋಳಿಗೆ ತಿನ್ನುತ್ತಾ ಅಳುತ್ತಿದ್ದನಂತೆ. ಆ ಕಥೆಯನ್ನು ಎಲ್ಲರೂ ನಗುತ್ತಲೇ ಹೇಳುತ್ತಿದ್ದರು. ನಂಜುಂಡೇಶನಿಗೆ ಮಾತ್ರ ನಗು ಬಂದಿರಲಿಲ್ಲ. ಈಗ ತನ್ನ ತಲೆಯ ಮೇಲೂ ಚಪ್ಪರವಿದೆ, ಜೇಬಿನಲ್ಲಿ ಆಫ್ ಮಾಡಿದ ಮೊಬೈಲಿದೆ; ಅದರೊಳಗೆ ಸುದ್ದಿ ಬಂದು ಕೂತಿದ್ದರೂ ಇರಬಹುದು. ತಾನು ನೋಡುವವರೆಗೆ ಅಪ್ಪ ಇದ್ದಾರೆ. ಈ ಲೆಕ್ಕಾಚಾರ ತನ್ನದೇ ಎಂದು ತಿಳಿದು ಅವನಿಗೆ ಅಸಹ್ಯವಾಯಿತು, ಆದರೂ ಕೈ ಜೇಬಿಗೆ ಹೋಗಲಿಲ್ಲ.

ಅಜ್ಜ ಹೋಗುವಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಮೊಮ್ಮಕ್ಕಳಲ್ಲಿ ದೊಡ್ಡವನು ಎಂದು ಅವನ ಕೈಗೇ ಮೊದಲು ಚಮಚ ಕೊಟ್ಟರು. ಸುತ್ತ ಹೆಂಗಸರು, ಮೂಲೆಯಲ್ಲಿ ದೀಪ, ಅಜ್ಜನ ಗಂಟಲಲ್ಲಿ ಗೊರಗೊರ. ಯಾರೋ ಅವನ ತಲೆಯನ್ನು ಬಗ್ಗಿಸಿದರು. ಕೈ ನಡುಗಿತು, ಚಮಚ ಹೋಗಿ ಅಜ್ಜನ ಹಲ್ಲಿಗೆ ಬಡಿಯಿತು. ಟಣ್ಣೆಂದು ಒಂದು ಸಣ್ಣ ಸದ್ದು. ಆ ಸದ್ದಿಗೇ ಅಜ್ಜನ ಉಸಿರು ನಿಂತುಹೋಯಿತು. ಅವನು ಚಮಚ ಎಸೆದು ಕಿರುಚಿಕೊಂಡು ಹಿತ್ತಲಿಗೆ ಓಡಿ ದನದ ಗೊಂತಿನ ಹಿಂದೆ ಅವಿತು ಕೂತಿದ್ದನ್ನು ಆಮೇಲೆ ಎಷ್ಟು ಮದುವೆಗಳಲ್ಲಿ, ಎಷ್ಟು ತಿಥಿಗಳಲ್ಲಿ ಹೇಳಿ ನಕ್ಕರು. ಅಜ್ಜನನ್ನ ಹಲ್ಲು ತಟ್ಟಿ ಕಳಿಸಿದೋನು ಇವನೇ ಕಣ್ರಪ್ಪ. ಅವನೂ ನಗುವುದನ್ನು ಕಲಿತುಕೊಂಡ. ಅಪ್ಪ ಒಬ್ಬರೇ ಆ ಕಥೆಗೆ ನಗುತ್ತಿರಲಿಲ್ಲ. ಶುರುವಾದರೆ ಎದ್ದು ಎಲೆ ಅಡಿಕೆಯ ನೆಪ ಮಾಡಿ ಹೊರಗೆ ಹೋಗುತ್ತಿದ್ದರು. ಅಪ್ಪನಿಗೆ ತನ್ನ ಬಗ್ಗೆ ನಾಚಿಕೆ ಎಂದೇ ನಂಜುಂಡೇಶ ಇಷ್ಟು ವರ್ಷ ತಿಳಿದಿದ್ದ. ಬೆಳಗ್ಗೆ ಅಪ್ಪನ ಬಾಯಿ ಅರ್ಧ ತೆರೆದಿತ್ತು. ಒಂದೆರಡೇ ಹಲ್ಲು ಉಳಿದಿವೆ, ಮುಂದುಗಡೆ, ಉದ್ದಕ್ಕೆ.

ಹೊರಗೆ ಬಂದು ಸೂರಿನ ಕೆಳಗೆ ಕಂಬದ ವೈರು ಇಳಿದು ಸೇರುವ ಕಡೆ ಏಣಿ ಹಾಕಿದ. ಚಪ್ಪರ ಕಟ್ಟುತ್ತಿದ್ದವರಲ್ಲಿ ಒಬ್ಬ, "ಏನ್ ಸಾ, ಈ ಕಾಲ್ದಲ್ಲೂ ಇದ್ಕೆ ಏಣಿ ಹತ್ತೀರಲ್ಲ, ಕಿತ್ತು ಗುಜರಿಗಾಕಿ ಅತ್ಲಾಗೆ," ಎಂದ. ಇನ್ನೊಬ್ಬ ನಕ್ಕ. ಬೇರೆ ದಿನವಾಗಿದ್ದರೆ ಅವನೂ ಏನಾದರೂ ಅಂದು ನಗಿಸುತ್ತಿದ್ದ. ಈ ಫೋನು ಗುಜರಿಗೆ ಹೋಗದಿದ್ದುದಕ್ಕೆ ಅಪ್ಪನೇ ಕಾರಣ. ದಿನಾ ದೀಪ ಹಚ್ಚುವ ಹೊತ್ತಿಗೆ ಅಪ್ಪ ನಂಜನಗೂಡಿನಿಂದ ಅಕ್ಕನಿಗೆ ಫೋನು ಮಾಡಬೇಕು; ಮೊಬೈಲಿನ ಸಣ್ಣ ಗುಂಡಿಗಳು ಅತ್ತೆಯ ಕೈಗೆ ಬಗ್ಗುವುದಿಲ್ಲ. ಆ ಫೋನಿನಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. "ಅಕ್ಕಾ, ನಾನೀಗ ಒಳೇಲಿ ಕಾಲ್ ತೊಳ್ದೆ. ನೀರು ಬತ್ತಾ ಅದೆ, ತಗೋ," ಎನ್ನುವರು ಅಪ್ಪ. ಕಪಿಲೆ ನಂಜನಗೂಡು ದಾಟಿ, ಸುತ್ತೂರು ದಾಟಿ, ಕೊನೆಗೆ ಬಂದು ಸೇರುವುದು ಅತ್ತೆಯ ಊರನ್ನೇ. "ನಿನ್ ಕೊಳಕು ಕಾಲಿನ ನೀರು ಯಾವನಿಗೆ ಬೇಕ್ಲಾ," ಎಂದು ಅತ್ತೆ ಬೈಯುವಳು. ಮುದುಕರಾಗುವವರೆಗೂ ಅದೇ ತಮಾಷೆ. ಅಪ್ಪನನ್ನು ಕೊನೆಗೆ ತರಬೇಕಾದ್ದೂ ಈ ಊರಿಗೇ, ಸಂಗಮಕ್ಕೇ, ಬೂದಿಯಾಗಿ, ಒಂದು ಕುಡಿಕೆಯಲ್ಲಿ. ಸೂರಿನ ಮರವನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ.

ತಂದ ಫೋನಿನ ತುದಿಗಳನ್ನು ಅಲ್ಲಿ ತಾಗಿಸಿದಾಗ ಕಿವಿಯೊಳಗೆ ಗೊಂಯ್ ಎಂದು ಟೋನು ತುಂಬಿಕೊಂಡಿತು. ಅಷ್ಟು ಸ್ಪಷ್ಟವಾಗಿ, ಅಷ್ಟು ಜೀವಂತವಾಗಿ ಬಂದದ್ದಕ್ಕೆ ಬೆಚ್ಚಿಬಿದ್ದ. ಲೈನು ಚೆನ್ನಾಗಿಯೇ ಇದೆ, ಕೆಟ್ಟಿರುವುದು ಮನೆಯೊಳಗೆ. ಈಗ ಇಲ್ಲಿಂದಲೇ ಮನೆಗೊಂದು ಫೋನು ಮಾಡಿ ಅಪ್ಪ ಹೇಗಿದ್ದಾರೆ ಎಂದು ಕೇಳಬಹುದು. ಬೆರಳು ಮೊದಲಿನ ಅಂಕಿಯ ಮೇಲೆ ಹೋಗಿ ಕೂತಿತು. ಟೋನು ಕಾಯುತ್ತಿತ್ತು. ಕಾದು ಕಾದು ಟೋನೇ ಬೇಸತ್ತು ಬೇರೆ ಥರ ಕೂಗತೊಡಗಿದಾಗ ತಂತಿ ಬಿಡಿಸಿ ಕೆಳಗಿಳಿದ. ಟೆಸ್ಟ್ ಮಾಡಿದೆ ಅಷ್ಟೇ ಎಂದುಕೊಂಡ. ಮಾಡಿದ್ದು ಟೆಸ್ಟೇ; ಅದರಲ್ಲಿ ಫೇಲಾದವನು ಯಾರು ಎಂಬುದೂ ಅವನಿಗೆ ತಿಳಿಯಿತು.

ಅತ್ತೆ ಊಟಕ್ಕೆ ಎಬ್ಬಿಸಿದಳು. ಪಾಯಸ ಬಡಿಸಿದಳು. ಉಂಡ ಮೇಲೆ ಎಲೆ ಅಡಿಕೆ ಕೊಟ್ಟು, ಒಂದು ಗಳಿಗೆ ಅಡ್ಡಾಗು ಎಂದಳು. ಅಡ್ಡಾದ. ನಿದ್ದೆ ಬರಲಿಲ್ಲ, ಎದ್ದೂ ಬಿಡಲಿಲ್ಲ. ಚಪ್ಪರದ ಸೋಗೆಯ ಸಂದಿನಿಂದ ಇಳಿಯುತ್ತಿದ್ದ ಬಿಸಿಲು ಬಾಗಿಲಿನಿಂದ ಒಳಗೆ ಬಂದು ಗೋಡೆಗೆ ಹತ್ತುವುದನ್ನು ನೋಡುತ್ತಾ ಬಿದ್ದುಕೊಂಡಿದ್ದ. ಆಶಾರಾಣಿ ಈಗ ಎಷ್ಟು ಸಲ ಫೋನು ಮಾಡಿರಬಹುದು? ಒಂದು ಸಲವೂ ಮಾಡದೆ ಇದ್ದರೆ? ಎರಡೂ ಒಂದೇ ಥರ ಹೆದರಿಸಿದವು. ಬಿಸಿಲು ಕೆಂಪಗಾಗುವ ಹೊತ್ತಿಗೆ ಇನ್ನು ತಡೆಯಲಾರದೆ ಎದ್ದು ವೈರಿನ ಬೆನ್ನು ಹಿಡಿದ. ಬಾಗಿಲ ಮೇಲಿನಿಂದ ಅದು ಸುಣ್ಣದ ಕೆಳಗೆ ಒಂದು ಗೀರಿನ ಹಾಗೆ ಹೋಗಿತ್ತು. ಬೆರಳಾಡಿಸುತ್ತಾ ಬಂದ. ದೇವರ ಗೂಡಿನ ಕೆಳಗೆ, ಕೆಂಪು ವಸ್ತ್ರ ಮುಚ್ಚಿದ ಒಂದು ದೊಡ್ಡ ಬುಟ್ಟಿಯ ಹಿಂದೆ ಅದು ಮರೆಯಾಯಿತು.

"ಅಲ್ಲಿ ಮುಟ್ಬ್ಯಾಡ!" ಅತ್ತೆ ಮೊರ ಪಕ್ಕಕ್ಕಿಟ್ಟಳು. "ಬಾಸಿಂಗ ಇಟ್ಟಿವ್ನಿ, ತಾಳಿ ಅದೆ. ಮೈ ತೊಳ್ದೋರೆ ಮುಟ್ಬೇಕು."

"ಬುಟ್ಟಿ ಮುಟ್ಟಲ್ಲ ಅತ್ತೆ, ಹಿಂದ್ಗಡೆ ವೈರು ನೋಡ್ತೀನಿ ಅಷ್ಟೆ."

"ನಾಳೆ ನೋಡುವಂತೆ ಕಣೋ. ಇವತ್ತು ಇಲ್ಲೇ ಉಳ್ಕೋ."

ಆ ದನಿಯಲ್ಲಿ ಏನೋ ಇತ್ತು. ಅವನು ಮಂಡಿಯೂರಿ ಬುಟ್ಟಿಯ ಹಿಂದೆ ಕೈ ತೂರಿಸಿದ. ವೈರು ಅಲ್ಲಿಗೆ ಮುಗಿದಿತ್ತು. ಇಲಿ ಕಡಿದದ್ದಲ್ಲ, ಎಳೆದು ಹರಿದದ್ದೂ ಅಲ್ಲ. ತರಕಾರಿ ಹೆಚ್ಚಿದ ಹಾಗೆ ನೀಟಾಗಿ ಕುಯ್ದು, ಎರಡೂ ತುದಿಗಳನ್ನು ಅಂದವಾಗಿ ಮಡಿಸಿ ಗೋಡೆಯ ಸಂದಿಗೆ ಸಿಕ್ಕಿಸಿದ್ದರು. ಬೆಳಕಿಗೆ ಎಳೆದು ನೋಡಿದ. ಬಿಳಿ ವೈರಿನ ಮೇಲೆ ಹಳದಿ ಬೆರಳಿನ ಗುರುತು. ತಿರುಗಿ ಅತ್ತೆಯ ಕೈಯನ್ನು ನೋಡಿದ. ಅವಳು ಕೈಯನ್ನು ಸೆರಗಿನೊಳಕ್ಕೆ ಸೇರಿಸಿಕೊಂಡಳು, ತಪ್ಪು ಮಾಡಿದ ಮಗುವಿನ ಹಾಗೆ.

"ನೀನೇ ಕುಯ್ದಾ?"

"ಊಂ ಕಣಪ್ಪ. ನಾನೇ ಕುಯ್ದೆ. ಈಳಿಗೆಮಣೇಲಿ."

ಎಲ್ಲವೂ ಅರ್ಥವಾಯಿತು ಎನ್ನಿಸಿತು. ಅತ್ತೆಯ ಕಿವಿಗೆ ಸುದ್ದಿ ಬರುವುದು ಎರಡೇ ದಾರಿಯಲ್ಲಿ, ಈ ಫೋನಿನಿಂದ ಇಲ್ಲವೇ ತನ್ನ ಬಾಯಿಂದ. ಒಂದನ್ನು ಕುಯ್ದು ಹಾಕಿದಳು, ಇನ್ನೊಂದನ್ನು ಕರೆಸಿ ಮನೆಯಲ್ಲಿ ಕೂರಿಸಿ ಪಾಯಸ ಹಾಕಿದಳು. ಹಿತ್ತಲ ಬಾಗಿಲಲ್ಲಿ ಹೋಳಿಗೆ ತಿಂದ ಆಳು ತಾನೇ. "ಮದುವೆ ನಿಂತೋಗುತ್ತೆ ಅಂತಾನಾ ಅತ್ತೆ? ಅಲ್ಲಿ ಅವರು ಹೋಗ್ತಾ ಇದಾರೆ. ನಿನ್ನ ತಮ್ಮ. ಒಡಹುಟ್ಟಿದ ತಮ್ಮ." ಅವನ ಗಂಟಲು ಏರಿದ್ದಕ್ಕೆ ಒಳಕೋಣೆಯ ನಗು ಒಮ್ಮೆಗೇ ನಿಂತಿತು. "ನನ್ನ ಸುಳ್ಳು ಹೇಳಿ ಕರೆಸಿದೆಯಲ್ಲ, ನಾನು ಅಲ್ಲಿರಬೇಕಾದೋನು."

ಹೇಳುತ್ತಲೇ ಅವನಿಗೆ ತನ್ನ ಮಾತು ಟೊಳ್ಳಾಗಿ ಕೇಳಿಸಿತು. ಅತ್ತೆ ಎದುರಾಡಲಿಲ್ಲ. ಅವನ ಜೇಬಿನ ಕಡೆ ನೋಡಿ ಮೆಲ್ಲಗೆ, "ನಿಂದೂ ಬೆಳಗ್ಗಿಂದ ಒಂದು ಕಿತವೂ ಕೂಗ್ಲಿಲ್ವಲ್ಲ ಮಗ," ಎಂದಳು.

ಅವನು ಪ್ಲೇಯರು ತೆಗೆದುಕೊಂಡು ವೈರಿನ ಸಿಪ್ಪೆ ಸುಲಿಯತೊಡಗಿದ. ಒಳಗಿದ್ದದ್ದು ಕೋಪವೋ ನಾಚಿಕೆಯೋ ತಿಳಿಯದು. ಎರಡಕ್ಕೂ ಅಡಿಯಲ್ಲಿ ಇದ್ದದ್ದು ಹೆದರಿಕೆಯೇ. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಬಂದು, ದೇವರ ಗೂಡಿನಲ್ಲಿ ದೀಪಕ್ಕೆ ಎಣ್ಣೆ ಬಿಟ್ಟಳು. ಕಡ್ಡಿ ಗೀರಿದಳು. ಅವನು ಒಂದು ಎಳೆಯನ್ನು ಹೊಸೆದು ಮುಗಿಸಿ ಇನ್ನೊಂದನ್ನು ಬೆರಳ ನಡುವೆ ಹಿಡಿದಿದ್ದ, ಅಷ್ಟರಲ್ಲಿ ಬೆರಳಿಗೆ ಜುಮ್ಮೆಂದು ಹೊಡೆಯಿತು. ಬಿಟ್ಟುಬಿಟ್ಟ. ಮತ್ತೆ ಹಿಡಿದ, ಮತ್ತೆ ಹೊಡೆಯಿತು, ನಿಂತಿತು, ಹೊಡೆಯಿತು. ರಿಂಗು. ಯಾರೋ ಫೋನು ಮಾಡುತ್ತಿದ್ದಾರೆ. ಅದು ಗಂಟೆಗೆ ತಲುಪುವ ಮೊದಲೇ ಅವನ ಕೈಯೊಳಗೆ ಬಂದುಬಿಟ್ಟಿದೆ. ಬಿಟ್ಟು ಎದ್ದುಬಿಡಬಹುದಿತ್ತು. ಹಲ್ಲು ಕಚ್ಚಿ ಎರಡು ಎಳೆಗಳನ್ನೂ ಹೊಸೆದ. ನಡುಮನೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

"ಎತ್ಬ್ಯಾಡ," ಎಂದಳು ಅತ್ತೆ. ಅವಳ ಕೈಯಲ್ಲಿ ಕಡ್ಡಿ ಉರಿದು ಬೆರಳಿಗೆ ಬಂದಿತ್ತು. "ನಂಜುಂಡ, ಎತ್ಬ್ಯಾಡ ಕಣೋ."

ಅವನು ಎತ್ತಿದ. ಹಲೋ ಎನ್ನಲು ಬಾಯಿ ಬರಲಿಲ್ಲ. ಅಳು ಕೇಳಿಸುತ್ತದೆ ಎಂದು ಇಡೀ ಮೈಯನ್ನು ಬಿಗಿಹಿಡಿದು ನಿಂತ. ಕೇಳಿಸಿದ್ದು ಉಸಿರು. ಎಳೆದು, ನಿಂತು, ಮತ್ತೆ ಎಳೆಯುವ ಉಸಿರು. ಆಮೇಲೆ ಒಂದು ಪಿಸುದನಿ.

"ಅಕ್ಕಾ... ಬಂದನಾ ಅವನು?"

ಅಪ್ಪ. ನಂಜುಂಡೇಶ ಗೋಡೆಗೆ ಒರಗಿದ.

"ಇರುಸ್ಕೋ ಅಲ್ಲೇ. ಫೋನು ಸರಿಯಾದ್ರೆ... ನಾಳಿಕೆ ಇನ್ನೇನಾರ ಕೆಡ್ಸು. ಕೆಟ್ಟದೆ ಅಂದ್ರೆ ಕುಂತ್ಕತಾನೆ ಅವನು." ನಡುವೆ ಉಸಿರಿಗಾಗಿ ತುಂಬಾ ಹೊತ್ತು ಬೇಕಾಯಿತು. "ಆ ಚಮಚದ್ದು... ಇನ್ನೂ ಮರ್ತಿಲ್ಲ ಅಕ್ಕ. ನನ್ ಬಾಯಿ ನೋಡಿದ್ರೆ ಎದ್ರುಕೊತಾನೆ. ಆಶಾ ಅವ್ಳೆ, ಬುಡ್ತಾಳೆ. ಅವನಿಗ್ ಬ್ಯಾಡ. ಕಳುಸ್ಬ್ಯಾಡ."

ಅಪ್ಪನಿಗೆ ಗೊತ್ತಿತ್ತು. ಎಲೆ ಅಡಿಕೆಯ ನೆಪದಲ್ಲಿ ಎದ್ದು ಹೋಗುತ್ತಿದ್ದದ್ದು ನಾಚಿಕೆಯಿಂದಲ್ಲ. ಬೆಳಗ್ಗೆ ನೋಡಿದ ಆ ಕಣ್ಣು ಬೇಡುತ್ತಿರಲಿಲ್ಲ, ಹೋಗು ಅನ್ನುತ್ತಿತ್ತು. ತಾನು ಕದ್ದುಮುಚ್ಚಿ ಇಟ್ಟುಕೊಂಡಿದ್ದ ಹೇಡಿತನವನ್ನು ಅಪ್ಪ ಇಷ್ಟು ಕಾಲ ತಮ್ಮ ಕೈಯಡ್ಡ ಹಿಡಿದು ಕಾಯ್ದಿದ್ದರು. ಸಾಯುವ ಹೊತ್ತಿನಲ್ಲೂ ಅದೇ ಕೆಲಸ. ನಾಚಿಕೆ ಅವನ ಮುಖಕ್ಕೆ ನುಗ್ಗಿತು, ಅದರ ಜೊತೆಗೇ ಅಳು.

"ಅಕ್ಕಾ?"

"ಅಪ್ಪಾ, ನಾನೇ."

ಅತ್ತ ಕಡೆ ಉಸಿರೂ ನಿಂತ ಹಾಗಾಯಿತು.

"ಓ," ಎಂದರು ಅಪ್ಪ. ಆಮೇಲೆ, ಏನೂ ಆಗದವರ ಹಾಗೆ, "ಫೋನು ಸರಿ ಓಯ್ತಾ?"

"ಸರಿ ಹೋಯ್ತಪ್ಪ. ಬರ್ತಾ ಇದೀನಿ. ಈಗಲೇ ಹೊರಟೆ."

ಅತ್ತೆ ಬಂದು ಅವನ ಕೈಯಿಂದ ರಿಸೀವರು ತೆಗೆದುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. "ರಂಗಾ... ಊಂ. ಕಂಡಿಡ್ಕಂಡ ಕಣೋ, ನಾನೇನ್ ಮಾಡ್ಲಿ... ಅಕ್ಕಿ ಆರ್ಸಿ ಆಯ್ತು. ನುಚ್ಚಿಲ್ಲ ಒಂದೂ. ನಿನ್ ಪಾಲ್ದೂ ನಾನೇ ಆಕ್ತೀನಿ ಮಗೀನ ತಲೆ ಮ್ಯಾಲೆ." ಕೇಳಿಸಿಕೊಂಡಳು. ಅವಳ ಕೆಳತುಟಿ ಅದುರಿತು, ಆದರೆ ದನಿ ಅದುರಲಿಲ್ಲ. "ನೀನ್ ಕಾಲ್ ತೊಳ್ದ ನೀರು ಇನ್ನೂ ಬತ್ತಾನೆ ಅದೆ ಕಣ್ಲಾ. ನಾನು ಇಡ್ಕತೀನಿ. ಓಗು, ನೀನು ಮಲಕ್ಕೋ." ರಿಸೀವರನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಳಿಸುವಂತೆ ಇಟ್ಟಳು.

ಆಮೇಲೆ ಚಾಪೆಯ ಮೇಲೆ ಕುಸಿದು ಕೂತಳು. "ನೆನ್ನೆ ದೀಪ ಅಚ್ಚೋ ವೊತ್ನಲ್ಲಿ ಅವನೇ ಏಳ್ದ. ಫೋನು ಕೆಟ್ಟದೆ ಅಂತ ಕರಸ್ಕೋ ಅಂತ. ಕೆಡದೇ ಇರೋದ್ನ ಕೆಟ್ಟದೆ ಅಂತ ಎಂಗೆ ಸುಳ್ಳೇಳ್ಲಿ ಮಗ, ಮಗೀಗೆ ಅರಿಶಿಣ ಅಚ್ಚಿದ್ ದಿನ್ವೇ? ಅದ್ಕೇ ಮೊದ್ಲು ಕುಯ್ದೆ, ಆಮೇಲೆ ಸಾಕಿ ಫೋನಿಂದ ಮಾಡ್ದೆ." ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು. "ನೀನಂದಿದ್ದೂ ಸುಳ್ಳಲ್ಲ ಬುಡು. ಮದ್ವೇದೂ ಇತ್ತು ನನ್ ಒಟ್ಟೇಲಿ. ಕುಯ್ದ್ ಮ್ಯಾಲೆ, ಸದ್ಯ ಇನ್ ಕೇಳಕಿಲ್ಲ ಅನ್ನುಸ್ತು. ಎಂಥ ಜಲ್ಮ ನೋಡು."

ಸದ್ಯ. ಬೆಳಗ್ಗೆ ಖಾಲಿ ರಿಸೀವರನ್ನು ಕಿವಿಗಿಟ್ಟುಕೊಂಡು ತನಗೆ ಅನ್ನಿಸಿದ್ದೂ ಅದೇ ಮಾತು. ನಂಜುಂಡೇಶ ಅವಳ ಪಕ್ಕದಲ್ಲಿ ಕೂತ. "ನನಗೆ ಆಗಲ್ಲ ಅತ್ತೆ," ಎಂದುಬಿಟ್ಟ. "ಹೋಗ್ತೀನಿ. ಆದ್ರೆ ಚಮಚ ಹಿಡಿಯಕ್ಕೆ ಕೈ ಬರಲ್ಲ. ಮತ್ತೆ ಹಲ್ಲಿಗೆ ಬಡಿದ್ರೆ?"

ಅತ್ತೆ ನಗಲಿಲ್ಲ. ಎದ್ದು ಒಳಗೆ ಹೋಗಿ ಒಂದು ಹಳೇ ಬಿಳಿ ಪಂಚೆ ತಂದಳು, ತೊಳೆದು ತೊಳೆದು ಮೆತ್ತಗಾದದ್ದು. ಹಲ್ಲಿನಿಂದ ಕಚ್ಚಿ ಒಂದು ಪಟ್ಟಿ ಹರಿದಳು. "ಚಮಚ ಯಾಕೆ? ಇದ ನೀರಲ್ಲದ್ದು, ತುಟಿ ಮ್ಯಾಲಿಟ್ಟು ಇಂಡು. ಅದೇ ಇಳ್ಕಂಡೋಯ್ತದೆ. ಎಲ್ಲೂ ತಾಕಕಿಲ್ಲ." ಬಟ್ಟೆಯನ್ನು ಬೆರಳ ನಡುವೆ ಹಿಡಿದು, ಗಾಳಿಯಲ್ಲೇ ಹಿಂಡಿ ತೋರಿಸಿದಳು. "ನಿಮ್ಮಪ್ಪಂಗೆ ಮಗುವಾಗಿದ್ದಾಗ ಜ್ವರ ಬಂದ್ರೆ ಇಂಗೇ ಕುಡುಸ್ತಿದ್ದೆ ನಾನು. ಅವನಿಗ್ ಗೊತ್ತಾಯ್ತದೆ." ಬಟ್ಟೆಯ ತುದಿಗೆ ಅರಿಶಿಣ ಅಂಟಿತ್ತು. ಅವನು ಮಡಿಸಿ ಜೇಬಿಗಿಟ್ಟುಕೊಂಡ.

ಬ್ಯಾಗು ಹೆಗಲಿಗೇರಿಸಿದಾಗ ಅತ್ತೆ ದೇವರ ಗೂಡಿನ ಕಡೆ ಕೈ ಮಾಡಿದಳು. "ಓಗೋಕ್ ಮುಂಚೆ ಅದ ಬಿಚ್ಚಾಕು ಮಗ."

"ಅತ್ತೆ..."

"ಬಿಚ್ಚಾಕು. ಅವನ್ ಮಾತು ಕೇಳಾಯ್ತು. ಇನ್ ಮುಂದೆ ಬರೋದು ನಂಗ್ ಬ್ಯಾಡ. ಮಗೀನ ಮದ್ವೆ ಆಗ್ಲಿ, ಆಮೇಲೆ ನಾನೇ ಬಂದ್ ಕೇಳ್ತೀನಿ."

ಅವನು ಮಂಡಿಯೂರಿದ. ತಾನೇ ಹೊಸೆದ ಎಳೆಗಳು; ಬಿಗಿಯಾಗಿದ್ದವು. ಬಿಚ್ಚಲು ಉಗುರು ಸಾಲದೆ ಪ್ಲೇಯರಿನಿಂದ ಕತ್ತರಿಸಿದ. ಕಟ್ ಎಂಬ ಸಣ್ಣ ಸದ್ದಿಗೆ ಅತ್ತೆ ಕಣ್ಣು ಮುಚ್ಚಿಕೊಂಡಳು. ರಿಪೇರಿ ನಂಜುಂಡೇಶ ಬದುಕಿನಲ್ಲಿ ಮೊದಲ ಸಲ ಸರಿಯಾಗಿದ್ದ ವಸ್ತುವನ್ನು ಕೆಡಿಸಿ ಎದ್ದು ನಿಂತ. ಕಾಲಿಗೆ ಬಿದ್ದ. ಹೋಗಿ ಬರುತ್ತೇನೆ ಎಂದ. ಹುಷಾರು ಎಂದಳು.

ಸುತ್ತೂರಿನ ಮೇಲೆ ಹೋಗುವ ಬಸ್ಸು ಸಿಕ್ಕಿತು. ಕಿಟಕಿಯ ಸೀಟಿನಲ್ಲಿ ಕೂತು ಮೊಬೈಲು ತೆಗೆದ. ಗುಂಡಿ ಅದುಮಿದಾಗ ಬೆಳಕು ಹತ್ತುವವರೆಗಿನ ಹೊತ್ತು ಉಸಿರು ಕಟ್ಟಿಸಿತು. ಚಾರ್ಜು ಬೇಕಾದಷ್ಟಿತ್ತು. ಯಾರು ಫೋನು ಮಾಡಿದ್ದರು, ಎಷ್ಟು ಸಲ, ಯಾವುದನ್ನೂ ನೋಡದೆ ಆಶಾರಾಣಿಯ ನಂಬರು ಒತ್ತಿದ. ರಿಂಗು ಹೋಗುತ್ತಲೇ ಇತ್ತು. ಎತ್ತುವುದಿಲ್ಲ, ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವಳ ದನಿ ಬಂತು, "ಎಲ್ಲಿದೀರ್ರೀ?"

"ಬಸ್ಸಲ್ಲಿ. ಆಶಾ, ಫೋನನ್ನ ಅಪ್ಪನ ಕಿವಿ ಪಕ್ಕ ಇಡು. ಕಟ್ ಮಾಡಬೇಡ, ನಾನು ಬರೋವರೆಗೂ ಹಾಗೇ ಇರಲಿ."

ಏನೋ ಸರಿದಾಡಿದ ಸದ್ದು. ಆಮೇಲೆ ಉಸಿರು. ಎಳೆದು, ನಿಂತು, ನಿಂತೇ ಇದ್ದು, ಅವನ ಜೀವ ಬಾಯಿಗೆ ಬಂದ ಮೇಲೆ ಮತ್ತೆ ಎಳೆಯುವ ಉಸಿರು. ಕಂಡಕ್ಟರು ಬಂದು ಟಿಕೆಟ್ಟು ಎಂದಾಗ ಕಿವಿಯಿಂದ ಫೋನು ತೆಗೆಯದೆ ನಂಜನಗೂಡು ಎಂದ. ಇನ್ನೊಂದು ಕೈ ಜೇಬಿನೊಳಗೆ ಆ ಬಟ್ಟೆಯನ್ನು ಹಿಡಿದಿತ್ತು. ಹೆದರಿಕೆ ಹೋಗಿರಲಿಲ್ಲ, ಪ್ರತಿ ಸಲ ಉಸಿರು ನಿಂತಾಗ ಅದು ಬೆನ್ನುಮೂಳೆಯಲ್ಲಿ ಇಳಿಯುತ್ತಿತ್ತು. ಆದರೆ ಅವನು ಫೋನು ಇಡಲಿಲ್ಲ. ಹೊರಗೆ ಕತ್ತಲಾಗುತ್ತಿದ್ದ ಗದ್ದೆಗಳು, ನಡುವೆ ಎಲ್ಲೋ ನೀರಿನ ಹೊಳಪು, ಅಪ್ಪನ ಕಡೆಯಿಂದ ಅತ್ತೆಯ ಕಡೆಗೆ ಹೋಗುತ್ತಿರುವ ನೀರು. ಬಸ್ಸು ನಿಂತಿತು, ಯಾರೋ ಇಳಿದರು.

"ಅಪ್ಪಾ," ಎಂದ. "ಸುತ್ತೂರು ಬಂತು."

ಕಾದ. ಬಸ್ಸು ಮತ್ತೆ ಹೊರಟಿತು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸದೆ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ತಲೆ ಬಗ್ಗಿಸಿ, ಉಸಿರು ಬಿಗಿಹಿಡಿದು ಕೂತ. ಆಮೇಲೆ, ತುಂಬಾ ಹೊತ್ತಿನ ಮೇಲೆ, ಕೇಳಿಸಿತು.

"ಊಂ," ಎಂದರು ಅಪ್ಪ.